ಈ ಓಟ್ಸ್ ಬೆಂದದ್ದಾ?

ಕಾಪುವಿನ ವ್ಯಾಪಾರಿ ಹಮೀದಾಕ ಮೊದಲ ಬಾರಿ ವಿದೇಶದಿಂದ ಓಟ್ಸ್ ತರಿಸುತ್ತಿದ್ದರು. ಕಸ್ಟಮ್ಸ್ ಕಾಗದ ಮಾಡುವುದು ನನ್ನ ಕೆಲಸ. ಬರೀ ಚಪ್ಪಟೆ ಮಾಡಿದ ಓಟ್ಸ್‌ಗೆ ಒಂದು ಸುಂಕ, ಪೂರ್ತಿ ಬೇಯಿಸಿದ್ದಕ್ಕೆ ಬೇರೆ. ತಪ್ಪಾದರೆ ಕಂಟೇನರ್ ಬಂದರಿನಲ್ಲೇ ಬಾಕಿ.

“ಇದು ಬೆಂದದ್ದಾ?” ಎಂದು ಕೇಳಿದೆ.

“ಅಲ್ಲ. ಬಿಸಿನೀರು ಹಾಕಿದರೆ ಸಾಲುವುದಿಲ್ಲ, ಒಲೆಯ ಮೇಲೆ ಕುದಿಸಬೇಕು. ಇದೇ ಕಂಪನಿಯದ್ದನ್ನು ಅಂಗಡಿಯಿಂದ ತಂದು ದಿನಾ ನಾನೇ ಮಾಡುವುದು,” ಎಂದರು.

ಹೆಂಡತಿಗೆ ಪಾರ್ಶ್ವವಾಯು ಆದಂದಿನಿಂದ ಅವರೇ ಗಂಜಿ ಮಾಡಿ ತಿನ್ನಿಸುತ್ತಾರಂತೆ.

ತಯಾರಕರಿಗೂ ಬರೆದು ಕೇಳಿದೆ; ಅವರ ಉತ್ತರವೂ ಹಾಗೆಯೇ ಬಂತು. ಸರಕು ತೊಂದರೆಯಿಲ್ಲದೆ ಹೊರಬಂದ ದಿನ ಹಮೀದಾಕ ಮೆಲ್ಲಗೆ ನಕ್ಕರು.

“ಅವಳು ಇದನ್ನು ಕುದುರೆಯ ಮೇವು ಎಂದು ಬೈಯುತ್ತಾಳೆ ಮಾರಾಯರೇ. ಆದರೂ ನಾನು ಕೊಟ್ಟರೆ ತಿನ್ನುತ್ತಾಳೆ.”

“ಮೇವು ಎಂದರೆ ಮತ್ತೆ ಸುಂಕ ಬೇರೆಯಾದೀತು, ಹಮೀದಾಕ. ಆ ಮಾತು ಮನೆಯಲ್ಲೇ ಇರಲಿ,” ಎಂದೆ.