ಯಶೋಧಾ ಸಹಿ ಹಾಕದ ರಜಿಸ್ಟರ್

ಬೈಲಹೊಂಗಲದಿಂದ ಯರಗಟ್ಟಿ ಕಡೆ ಹೊರಟರೆ ಊರು ದಾಟಿದ ಮೇಲೆ ಎಡಕ್ಕೆ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು. ಅಲ್ಲಿನ ಸಿವಿಲ್ ವಿಭಾಗದ ಕಾಂಕ್ರೀಟ್ ಲ್ಯಾಬು ಒಂಬತ್ತು ವರ್ಷದಿಂದ ಯಶೋಧಾಳ ಕೈಯಲ್ಲಿತ್ತು. ಆಕೆ ಪ್ರೊಫೆಸರ್ ಅಲ್ಲ, ಡಿಪ್ಲೊಮಾ ಓದಿದ ಲ್ಯಾಬ್ ಇನ್‌ಸ್ಟ್ರಕ್ಟರ್. ಆದರೆ ಸಿಮೆಂಟು, ಉಸುಕು, ಖಡಿ ಎಷ್ಟೆಷ್ಟು ಹಾಕಿ ಹೇಗೆ ಕಲಸಬೇಕು ಎಂಬುದನ್ನು ಹುಡುಗರು ಕಲಿತದ್ದು ಆಕೆಯ ಹತ್ತಿರವೇ.

ಆಕೆಯ ಅಪ್ಪ ಶಟ್ಟೆಪ್ಪ ಸಂಪಗಾಂವದ ಗೌಂಡಿ. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಮನೆ ಕಟ್ಟಿದವನು. ಕಟ್ಟುವಾಗ ಮಾಡಿನ ತನಕ ಹತ್ತುತ್ತಿದ್ದವನು ಗೃಹಪ್ರವೇಶದ ದಿನ ಮಾತ್ರ ಅಂಗಳದಲ್ಲಿ ಕೂತು ಉಣ್ಣಬೇಕಾಗುತ್ತಿತ್ತು. ಒಮ್ಮೆ, ಯಶೋಧಾ ಏಳನೆಯ ಇಯತ್ತೆಯಲ್ಲಿದ್ದಾಗ, ಅವನು ಎಲೆಯ ಮುಂದಿನಿಂದ ಎದ್ದು ಬಂದುಬಿಟ್ಟ. "ನಾ ಕಟ್ಟಿದ ಮನ್ಯಾಗ ನಾ ಒಳಗ ಬರಬಾರದಂದ್ರ ನನಗ ನಿಮ್ಮ ಹೋಳಿಗಿ ಬ್ಯಾಡ್ರಿ" ಅಂದಿದ್ದ. ಮುಂದೆ ಎರಡು ವರ್ಷ ಆ ಊರಿನವರು ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಅವ್ವ ಮರೆವ್ವ ಬುಟ್ಟಿ ಹೊತ್ತು ಮನೆ ನಡೆಸಿದಳು. ಅಪ್ಪ ತಪ್ಪು ಮಾಡಿದ ಎಂದು ಆಕೆ ಒಂದು ದಿನವೂ ಅನ್ನಲಿಲ್ಲ.

ಲ್ಯಾಬಿನಲ್ಲಿ ಕಾಂಕ್ರೀಟ್ ಒಡೆಯುವ ಯಂತ್ರವೊಂದಿತ್ತು. ಗೇಣುದ್ದದ ಕಾಂಕ್ರೀಟ್ ಗಟ್ಟಿಯನ್ನು ಇಪ್ಪತ್ತೆಂಟು ದಿನ ನೀರಿನಲ್ಲಿಟ್ಟು, ಆ ಯಂತ್ರದಲ್ಲಿ ಒತ್ತಿ, ಎಷ್ಟು ಭಾರಕ್ಕೆ ಒಡೆಯಿತು ಎಂದು ನೋಡುತ್ತಾರೆ. ಸ್ಲ್ಯಾಬು ನಿಲ್ಲುತ್ತದೋ ಬೀಳುತ್ತದೋ ತಿಳಿಯುವುದು ಅದರಿಂದಲೇ. ಒಂದು ದಿನ ಅದರ ಮುಳ್ಳು ನಿಂತುಹೋಯಿತು. ರಿಪೇರಿ ಮಾಡಿಸಿರೆಂದು ಯಶೋಧಾ ಪ್ರಾಚಾರ್ಯರಿಗೆ ಪತ್ರ ಬರೆದಳು, ಮತ್ತೆ ಬರೆದಳು. ಹೀಗೆ ಹದಿನಾಲ್ಕು ತಿಂಗಳು ಕಳೆದವು. ಅಷ್ಟೂ ದಿನ ಆಕೆ ಹುಡುಗರಿಂದ ಗಟ್ಟಿ ಮಾಡಿಸಿ ನೀರಿನ ತೊಟ್ಟಿಯಲ್ಲಿ ಇಡಿಸಿದಳು. ರಜಿಸ್ಟರಿನಲ್ಲಿ ಪ್ರತಿ ವಾರ ತಾರೀಖು ಹಾಕಿ, "ಯಂತ್ರ ಕೆಟ್ಟಿದೆ, ಪರೀಕ್ಷೆ ನಡೆದಿಲ್ಲ" ಎಂದು ಬರೆದು ಸಹಿ ಮಾಡಿದಳು.

ಅಷ್ಟರಲ್ಲಿ ಸುದ್ದಿ ಬಂತು. ಮಾನ್ಯತಾ ಮಂಡಳಿಯ ತಜ್ಞರು ಮೂರು ದಿನ ಕಾಲೇಜಿಗೆ ಬರುತ್ತಾರೆ. ಕೋರ್ಸಿನಲ್ಲಿ ಹೇಳಿದ್ದನ್ನು ನಿಜಕ್ಕೂ ಕಲಿಸುತ್ತಾರೋ ಇಲ್ಲವೋ ನೋಡಿ ಮಾನ್ಯತೆ ಕೊಡುತ್ತಾರೆ. ಕಾಲೇಜಿನ ತುಂಬ ಸುಣ್ಣಬಣ್ಣ ನಡೆಯಿತು. ವಿಭಾಗದ ಮುಖ್ಯಸ್ಥ ಮಹಾದೇವ ಸರ್ ಲ್ಯಾಬಿಗೆ ಬಂದು ಹೊಚ್ಚ ಹೊಸ ರಜಿಸ್ಟರ್ ಮೇಜಿನ ಮೇಲಿಟ್ಟರು.

"ಹದಿನಾಲ್ಕು ತಿಂಗಳದ ರೀಡಿಂಗ್ ಇದರಾಗ ಬರದ ಸಹಿ ಮಾಡ್ರಿ. ಹಳೇದು ನನ್ನ ಕಡೆ ಕೊಡ್ರಿ."

"ಒಡೀಲಾರದ ಗಟ್ಟಿದು ರೀಡಿಂಗ್ ಎಲ್ಲಿಂದ ತರಲ್ರಿ ಸರ್?"

"ಯಂತ್ರ ಕೆಡೂ ಮೊದಲಿಂದು ನೋಡಿ ಸ್ವಲ್ಪ ಹಿಂದ ಮುಂದ ಮಾಡಿ ಹಾಕ್ರಿ. ಎಲ್ಲಾ ಕಡೆ ಹಿಂಗ ನಡೀತೈತಿ."

"ನನ್ನ ಲ್ಯಾಬ್‌ನ್ಯಾಗ ನಡಿಯೂದಿಲ್ರಿ."

ಮಹಾದೇವ ಸರ್ ಕೆಟ್ಟ ಮನುಷ್ಯರಲ್ಲ. ಅಂದು ಅವರ ಮೇಲೂ ಪ್ರಾಚಾರ್ಯರ ಒತ್ತಡವಿತ್ತು. ಆದರೂ ಬಾಯಿಂದ ಮಾತು ಜಾರಿತು. "ನಿಮ್ಮಂಥವರಿಗೆ ಇಲ್ಲಿ ನೌಕರಿ ಸಿಕ್ಕಿದ್ದ ದೊಡ್ಡದು, ನೆನಪಿರಲಿ."

ಯಶೋಧಾ ನಿಧಾನಕ್ಕೆ ಕೈ ಒರೆಸಿಕೊಂಡಳು. "ನೌಕರಿ ಯಾರೂ ದಾನ ಕೊಟ್ಟಿಲ್ರಿ. ಸಂದರ್ಶನಕ್ಕ ಹನ್ನೊಂದು ಮಂದಿ ಬಂದಿದ್ರು, ಅವರೊಳಗ ನನ್ನ ಆರಿಸಿಕೊಂಡ್ರಿ. ಹೊಸಾ ರಜಿಸ್ಟರ್ ಒಯ್ರಿ. ಹಳೇದು ಕೊಡೂದಿಲ್ಲ."

ಮರುದಿನವೇ ಆದೇಶ ಕೈಗೆ ಬಂತು: ಗ್ರಂಥಾಲಯಕ್ಕೆ ವರ್ಗ. ಮನೆಯಲ್ಲಿ ಮರೆವ್ವ ಕೇಳಿ, "ಬರದಿಲ್ಲಲ್ಲ?" ಎಂದಷ್ಟೇ ಅಂದಳು. ಬರೆದಿಲ್ಲ ಎಂದು ಗೊತ್ತಾದ ಮೇಲೆ ರೊಟ್ಟಿ ಬಡಿಯಲು ಕೂತಳು.

ತಜ್ಞರು ಬಂದ ಎರಡನೆಯ ದಿನ. ಗ್ರಂಥಾಲಯದ ಕಿಟಕಿಯಿಂದ ಲ್ಯಾಬಿನ ಬಾಗಿಲು ಕಾಣುತ್ತಿತ್ತು. ಮಹಾದೇವ ಸರ್ ಇಬ್ಬರು ತಜ್ಞರನ್ನು ಒಳಗೆ ಕರೆದೊಯ್ದದ್ದನ್ನು ಯಶೋಧಾ ನೋಡಿದಳು. ಚೀಲದಿಂದ ಹಳೆಯ ರಜಿಸ್ಟರ್ ತೆಗೆದು ಎದ್ದಳು.

"ತಂಗಿ, ಹೋಗಬ್ಯಾಡ" ಎಂದ ಗ್ರಂಥಾಲಯದ ಭೀಮಶಿ. "ನೌಕರಿ ಹೊಕ್ಕೈತಿ."

"ಹೋಗಲಿ ಬಿಡಣ್ಣಾ."

ಲ್ಯಾಬಿನಲ್ಲಿ, ಹೊರ ರಾಜ್ಯದಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಕೊನೆಯ ವರ್ಷದ ಶೀತಲಳಿಗೆ ಯಂತ್ರ ನಡೆಸಿ ತೋರಿಸು ಎನ್ನುತ್ತಿದ್ದರು. ಶೀತಲ ಯರಗಟ್ಟಿಯ ಕಾಳಿನ ವ್ಯಾಪಾರಿ ಶಂಕರೆಪ್ಪನ ಮಗಳು, ಕ್ಲಾಸಿಗೆ ಮೊದಲಿನವಳು. ಬಾಯಿಪಾಠ ಮಾಡಿದ್ದನ್ನೆಲ್ಲ ಹೇಳಿದಳು. ಆದರೆ ಯಾವ ಹಿಡಿಕೆ ತಿರುಗಿಸಬೇಕೆಂದು ಆಕೆಗೆ ಗೊತ್ತಿರಲಿಲ್ಲ. ಮೇಜಿನ ಮೇಲಿದ್ದ ಹೊಸ ರಜಿಸ್ಟರಿನಲ್ಲಿ ಒಂದೇ ಪೆನ್ನು, ಒಂದೇ ಕೈಬರಹ, ಯಾರದೋ ಸಹಿ. ಲ್ಯಾಬ್ ನೋಡಿಕೊಳ್ಳುವವರು ಯಾರು ಎಂದು ಆ ಹೆಂಗಸು ಕೇಳಿದರು. ರಜೆಯ ಮೇಲಿದ್ದಾರೆ ಎಂದರು ಮಹಾದೇವ ಸರ್.

"ನಾನೇ" ಎಂದಳು ಯಶೋಧಾ, ಬಾಗಿಲಲ್ಲಿ ನಿಂತು.

ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಆಕೆ ಹೇಳಿದಳು. ಯಂತ್ರ ಕೆಟ್ಟ ದಿನ, ಬರೆದ ಪತ್ರಗಳು, ನಡೆಯದ ಪರೀಕ್ಷೆಗಳು. ಹಳೆಯ ರಜಿಸ್ಟರನ್ನು ಹೊಸದರ ಪಕ್ಕದಲ್ಲಿ ತೆರೆದಿಟ್ಟಳು. ಇದನ್ನು ಯಾಕೆ ತೋರಿಸುತ್ತಿದ್ದೀರಿ ಎಂದು ಆ ಹೆಂಗಸು ಕೇಳಿದರು. ಈ ಹುಡುಗರು ನಾಳೆ ಸ್ಲ್ಯಾಬು ಹಾಕುತ್ತಾರೆ, ಅದರ ಕೆಳಗೆ ಜನ ಮಲಗುತ್ತಾರೆ ಎಂದಳು ಯಶೋಧಾ.

ಎರಡು ತಿಂಗಳಿಗೆ ಫಲಿತಾಂಶ ಬಂತು. ಸಿವಿಲ್‌ಗೆ ಮಾನ್ಯತೆ ಇಲ್ಲ. ನೌಕರಿ ಕೊಡಲು ಬರಬೇಕಿದ್ದ ಎರಡು ಕಂಪನಿಗಳು ಬರುವುದಿಲ್ಲ ಎಂದವು. ಯಶೋಧಾ ನಡೆದು ಹೋದರೆ ಹುಡುಗರು ಮುಖ ತಿರುಗಿಸುತ್ತಿದ್ದರು. ಶೀತಲ ಮಾತ್ರ ನೇರ ಗ್ರಂಥಾಲಯಕ್ಕೇ ಬಂದಳು, ಕಣ್ಣು ಕೆಂಪಾಗಿದ್ದವು.

"ನೀವು ಖರೇ ಹೇಳಿ ದೊಡ್ಡವರಾದ್ರಿ ಮೇಡಂ. ಹೋಗಿದ್ದು ನಮ್ಮ ಡಿಗ್ರಿ."

ಯಶೋಧಾಳಿಗೂ ಸಿಟ್ಟು ಬಂತು. "ನಿನ್ನ ಡಿಗ್ರಿ ನಾ ಕಸಗೊಂಡೇನಿ? ಹದಿನಾಲ್ಕು ತಿಂಗಳು ನಿನಗ ಕಲಿಸಲಾರದ ಫೀ ತಗೊಂಡವರು ಮ್ಯಾಲಿನ ಖೋಲ್ಯಾಗ ಕುಂತಾರ. ಅವರ ಮುಂದ ಒಮ್ಮೆರ ಇಷ್ಟ ಜೋರಾಗಿ ಮಾತಾಡೀಯೇನು? ನನ್ನ ಮುಂದ ಯಾಕ ಮಾತಾಡ್ತಿ? ನಾ ಸಣ್ಣಾಕಿ ಅಂತ?"

ಶೀತಲ ಅಲ್ಲಿಂದ ನೇರ ಲ್ಯಾಬಿನ ಕಡೆ ನಡೆದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಗದ್ದಲ ಕೇಳಿ ಯಶೋಧಾ ಹೊರಗೆ ಬಂದಳು. ನಲವತ್ತು ಹುಡುಗ ಹುಡುಗಿಯರು ತೊಟ್ಟಿಯಿಂದ ಕಾಂಕ್ರೀಟ್ ಗಟ್ಟಿಗಳನ್ನು ಎತ್ತಿ ಸಾಲಾಗಿ ಮೆಟ್ಟಿಲು ಹತ್ತುತ್ತಿದ್ದರು. ಒಂದೊಂದೂ ಎಂಟು ಕಿಲೋ, ಒಂದೊಂದರ ಮೇಲೂ ಮಾಡಿದವರ ಹೆಸರು, ತಾರೀಖು. ಪ್ರಾಚಾರ್ಯರ ಬಾಗಿಲಿಗೆ ಅಡ್ಡಲಾಗಿ ಒಂದರ ಮೇಲೊಂದು ಇಟ್ಟರು. ಸೊಂಟದೆತ್ತರದ ಗೋಡೆಯಾಯಿತು. ಶೀತಲ ಅದರ ಮುಂದೆ ನಿಂತು, "ಇವು ಎಷ್ಟಕ್ಕ ಒಡೀತಾವ ಹೇಳ್ರಿ ಸರ್, ಆಮ್ಯಾಲ ತಗೀತೇವಿ" ಎಂದು ಕೂಗಿದಳು. ಪ್ರಾಚಾರ್ಯರು ಒಳಗಿನಿಂದ ಪೊಲೀಸರ ಹೆಸರೆತ್ತಿದರು. ಯಾರೂ ಕದಲಲಿಲ್ಲ. ಸಂಜೆ ಅವರು ಹೊಸ ಯಂತ್ರ ತರಿಸುವುದಾಗಿ ಬರೆದುಕೊಟ್ಟು, ಆ ಗೋಡೆ ದಾಟಿ ಮನೆಗೆ ಹೋದರು.

ಯಂತ್ರ ಬಂತು. ಅದನ್ನು ನಡೆಸುವವರು ಯಾರೂ ಇರಲಿಲ್ಲ. ಎಂಟು ತಿಂಗಳಿನಿಂದ ಪುಸ್ತಕಗಳಿಗೆ ನಂಬರ್ ಅಂಟಿಸುತ್ತಿದ್ದ ಯಶೋಧಾಳ ಮುಂದೆ ಮಹಾದೇವ ಸರ್ ಬಂದು ಕುರ್ಚಿ ಎಳೆದು ಕೂತರು.

"ವಾಪಸ್ ಬರ್ರಿ, ಯಶೋಧಾ."

"ನಿಮ್ಮಂಥವರು ಅಂದಿದ್ರಿ. ಆ ಮಾತು ಮೊದಲ ಹಿಂದಕ್ಕ ತಗೋರಿ."

ಅವರು ನೆಲ ನೋಡಿದರು. "ತಪ್ಪಾತ್ರಿ" ಎಂದರು. ಭೀಮಶಿ ಕಪಾಟಿನ ಹಿಂದೆ ನಿಂತು ಕೇಳಿಸಿಕೊಂಡ. ಯಶೋಧಾ ಆ ದಿನವೇ ಲ್ಯಾಬಿನ ಕೀಲಿ ಇಸಿದುಕೊಂಡಳು.

ಶೀತಲಳ ತಂಡ ಮಾನ್ಯತೆ ಇಲ್ಲದ ಡಿಗ್ರಿ ಹಿಡಿದೇ ಹೊರಬಿತ್ತು. ಅದನ್ನು ಸರಿಪಡಿಸಲು ಯಾರಿಂದಲೂ ಆಗಲಿಲ್ಲ. ಆಕೆ ಸವದತ್ತಿಯಲ್ಲಿ ಗುತ್ತಿಗೆದಾರರೊಬ್ಬರ ಹತ್ತಿರ ಸಣ್ಣ ಕೆಲಸಕ್ಕೆ ಸೇರಿದಳು. ಆ ನೋವು ಯಶೋಧಾಳನ್ನು ಇಂದಿಗೂ ಬಿಟ್ಟಿಲ್ಲ. ಆದರೂ ಸುಳ್ಳು ರೀಡಿಂಗ್ ಬರೆಯಬೇಕಿತ್ತು ಎಂದು ಒಮ್ಮೆಯೂ ಅನಿಸಿಲ್ಲ.

ಮುಂದಿನ ಸಲ ತಜ್ಞರು ಬಂದಾಗ ಮೂರು ವರ್ಷದ ಮಾನ್ಯತೆ ಸಿಕ್ಕಿತು. ಕಾಲೇಜು ದೊಡ್ಡ ಸತ್ಕಾರ ಸಮಾರಂಭ ಇಟ್ಟುಕೊಂಡಿತು. ಆಹ್ವಾನ ಪತ್ರಿಕೆಯಲ್ಲಿ ಹದಿನೇಳು ಹೆಸರಿದ್ದವು, ಯಶೋಧಾಳದು ಇರಲಿಲ್ಲ. ಎಲ್ಲ ಸಿಬ್ಬಂದಿ ಹುಡುಗರನ್ನು ಸಭಾಂಗಣಕ್ಕೆ ಕರೆತರಬೇಕೆಂದು ಸೂಚನೆ ಮಾತ್ರ ಬಂದಿತ್ತು.

ಅಂದು ಬೆಳಿಗ್ಗೆ ಆಕೆ ಎರಡನೆಯ ವರ್ಷದ ಇಪ್ಪತ್ತಾರು ಮಂದಿಯನ್ನು ಬಸ್ಸು ಹತ್ತಿಸಿಕೊಂಡು ರಾಮದುರ್ಗಕ್ಕೆ ಹೋದಳು. ಅಲ್ಲಿ ಮಲಪ್ರಭಾ ದಂಡೆಯಲ್ಲಿ ಒಂದು ಕಟ್ಟಡಕ್ಕೆ ಸ್ಲ್ಯಾಬು ಹಾಕುತ್ತಿದ್ದರು. ಹುಡುಗರು ತೋಳು ಮಡಚಿ, ಆಗಷ್ಟೇ ಕಲಸಿದ ಕಾಂಕ್ರೀಟ್ ತುಂಬಿ ಗಟ್ಟಿ ಮಾಡುತ್ತಿದ್ದಾಗ ಫೋನು ಬಂತು. ಪ್ರಾಚಾರ್ಯರು.

"ಎಲ್ಲಿದ್ದೀರಿ? ಹಿಂದಿನ ಸಾಲು ಪೂರಾ ಖಾಲಿ ಐತಿ ಇಲ್ಲೆ!"

"ಕೆಲಸದ ಮ್ಯಾಲ ಅದೀನ್ರಿ ಸರ್. ಕಾಂಕ್ರೀಟ್ ಭಾಷಣ ಮುಗಿಯೂತನಕ ಕಾಯೂದಿಲ್ಲ" ಎಂದು ಹೇಳಿ ಯಶೋಧಾ ಫೋನು ಇಟ್ಟಳು.