ಹಾರುವ ವೀರರಿಗೆ ಷರಾ ಮಾವನ ಷರಾ

ಆ ಎಂಟು ಮಹಡಿಯ ಕಟ್ಟಡದ ಲಿಫ್ಟ್ ಮೆಕ್ಯಾನಿಕ್‌ನನ್ನು ಎಲ್ಲರೂ ಕರೆಯುತ್ತಿದ್ದದ್ದು ಷರಾ ಮಾವ ಎಂದು. ಕಾರಣ ಅವನ ಕಿವಿಯ ಸಂದಿಯಲ್ಲಿರುತ್ತಿದ್ದ ಪೆನ್ಸಿಲ್. ಲಿಫ್ಟಿಗೆ ಎಣ್ಣೆ ಬಿಟ್ಟ ತಾರೀಖು ಬರೆದಿಡಲೆಂದು ಕೊಟ್ಟದ್ದು ಅದು. ಆದರೆ ಮಾವ ಅದರಿಂದ ತಿದ್ದಿದ್ದು ಲೋಕೋದ್ಧಾರಕ್ಕೆಂದು ಹುಟ್ಟಿದ ವೀರರನ್ನು.

ಲಿಫ್ಟ್ ಕೆಡದಂತೆ ನೋಡಿಕೊಳ್ಳುವ ಮೆಕ್ಯಾನಿಕ್‌ಗೆ ಕೆಲಸ ಕಡಿಮೆ, ಹೊತ್ತು ಹೆಚ್ಚು. ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ ಗ್ರೀಸ್ ಡಬ್ಬಿಗಳ ನಡುವೆ ಕೂತು ಅವನು ಓದುತ್ತಿದ್ದ. ಪುಸ್ತಕ ಬರುತ್ತಿದ್ದದ್ದು ನಾಲ್ಕನೇ ಮಹಡಿಯ ಬಾಡಿಗೆ ಗ್ರಂಥಾಲಯದಿಂದ. ಅದನ್ನು ನಡೆಸುತ್ತಿದ್ದವಳು ಅವನ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ಜನ ಕೇಳುತ್ತಿದ್ದದ್ದು ಎರಡೇ ಬಗೆಯ ಕಾದಂಬರಿ: ಮುಖವಾಡ ಹಾಕಿಕೊಂಡು ಹಾರುವ ವೀರರದ್ದು, ಇಲ್ಲವೇ ನಗರದ ಗಲ್ಲಿಗಳಲ್ಲಿ ಬಾಡಿಗೆ ಮನೆ ಹಿಡಿದಿರುವ ಮಾಟಗಾತಿ, ತೋಳಮಾನವ, ರಕ್ತಪಿಶಾಚಿಗಳದ್ದು. ಎರಡನ್ನೂ ಕಂಡರೆ ಮಾವನಿಗೆ ಆಗುತ್ತಿರಲಿಲ್ಲ. ಎರಡನ್ನೂ ಒಂದು ಬಿಡದೆ ಓದುತ್ತಿದ್ದ. ಬೈಯುವುದಕ್ಕಾದರೂ ಪೂರ್ತಿ ಓದಬೇಕಲ್ಲ ಎಂಬುದು ಅವನ ನ್ಯಾಯ.

ಓದಿದ ಪುಸ್ತಕದ ಅಂಚಿನಲ್ಲಿ ಷರಾ ಬೀಳುತ್ತಿತ್ತು. ‘ಒಬ್ಬ ಕಳ್ಳನನ್ನು ಹಿಡಿಯಲು ಮೂರು ಕಟ್ಟಡ ಕೆಡವಿದ. ಇವನಿಗಿಂತ ಕಳ್ಳನೇ ವಾಸಿ.’ ‘ಅರ್ಧ ಮುಖ ಮುಚ್ಚಿಕೊಂಡರೆ ಹೆತ್ತ ತಾಯಿಗೂ ಗುರುತು ಹತ್ತುವುದಿಲ್ಲವಂತೆ. ತಾಯಿಗೆ ಮೊದಲು ಕನ್ನಡಕ ಮಾಡಿಸಿ.’ ‘ಪಿಶಾಚಿಗೆ ನಾನೂರು ವರ್ಷ, ಹುಡುಗಿಗೆ ಹದಿನೆಂಟು. ನಾನೂರು ವರ್ಷ ಬದುಕಿ ಕಲಿತ ಬುದ್ಧಿ ಇಷ್ಟೇನಾ?’ ‘ಊರ ಕೆಳಗೆ ಮಾಯಾಪೇಟೆ. ಊರಿನ ಚರಂಡಿ ಹಾಗಾದರೆ ಎಲ್ಲಿ ಹರಿಯುತ್ತದೆ?’ ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಷರಾವಂತೂ ಹತ್ತು ಪುಸ್ತಕಗಳಲ್ಲಿತ್ತು. ಒಂದು ಕಾದಂಬರಿಯಲ್ಲಿ ಮುದುಕಿಯೊಬ್ಬಳ ಕೂಗು ಕೇಳಿ ವೀರ ನೆಲದಿಂದ ಎಂಟನೇ ಮಹಡಿಗೆ ಒಂದೇ ನೆಗೆತಕ್ಕೆ ಹಾರುತ್ತಾನೆ. ಅಲ್ಲಿ ಮಾವ ಬರೆದಿದ್ದ: ‘ಮೆಟ್ಟಿಲು ಹತ್ತಲು ಸೋಮಾರಿತನ. ಅದಕ್ಕೆ ಇಷ್ಟು ದೊಡ್ಡ ಸುಳ್ಳು.’

ಈ ಷರಾಗಳಿಂದ ಹೆಚ್ಚು ಉರಿದುಕೊಂಡವನು ಆರನೇ ಮಹಡಿಯ ವಿಮಾ ಏಜೆಂಟ್. ವಯಸ್ಸು ಮೂವತ್ತೈದು ದಾಟಿದ್ದರೂ ಎದೆಯ ಮೇಲೆ ಹದ್ದಿನ ಗುರುತಿರುವ ಬನಿಯನ್ ಹಾಕಿಕೊಂಡು ಓಡಾಡುವ ಆಸಾಮಿ. ಮಂದಿಗೆ ಸಾವಿನ ಭಯ ಹುಟ್ಟಿಸಿ ಬದುಕುವವನಿಗೆ ಸಾಯದ ವೀರರ ಮೇಲೆ ಇಷ್ಟೊಂದು ಪ್ರೀತಿ ಯಾಕೋ, ಬಲ್ಲವರೇ ಬಲ್ಲರು. ಒಂದು ದಿನ ಅವನು ಅತ್ತಿಗೆಯ ಮೇಜಿನ ಮೇಲೆ ಪುಸ್ತಕ ಕುಕ್ಕಿದ. “ಮೇಡಂ, ಕಥೆ ಓದೋಕೆ ಬರ್ತೀನಿ, ಬೈಸಿಕೊಳ್ಳೋಕಲ್ಲ. ಇದು ಹೀಗೇ ಇದ್ರೆ ನನ್ನ ಸದಸ್ಯತ್ವ ಬೇಡ.”

ಅತ್ತಿಗೆ ಮೈದುನನನ್ನು ಕರೆಸಿದಳು. ಅವನ ಕಾರ್ಡನ್ನು ಡ್ರಾಯರಿಗೆ ಹಾಕಿ, ಮೇಜಿನ ಮೇಲೆ ಒಂದು ರಬ್ಬರ್ ಇಟ್ಟಳು.

“ಗೀಚಿದ್ದೆಲ್ಲ ನೀನೇ ಅಳಿಸು. ಆಮೇಲೆ ಪುಸ್ತಕ.”

“ಸುಳ್ಳನ್ನ ಸುಳ್ಳು ಅಂದಿದ್ದು ತಪ್ಪಾ ಅತ್ತಿಗೆ?”

“ಕಥೇನ ಕಥೆ ಅಂತ ಓದೋಕೆ ಬರದೆ ಇರೋದು ತಪ್ಪು.”

“ನಾನು ಅಳಿಸಲ್ಲ.”

“ಹಾಗಾದ್ರೆ ಹೋಗಿ ಎಣ್ಣೆ ಡಬ್ಬಿ ಓದ್ಕೋ.”

ಮೂರು ತಿಂಗಳು ಅವನು ನಿಜಕ್ಕೂ ಎಣ್ಣೆ ಡಬ್ಬಿ ಓದಿದ. ಅದರ ಮೇಲಿನ ‘ನೂರಕ್ಕೆ ನೂರು ಶುದ್ಧ’ ಎಂಬುದಕ್ಕೂ ಒಂದು ಷರಾ ಬರೆದ. ಪುಸ್ತಕವಿಲ್ಲದ ಮಧ್ಯಾಹ್ನಗಳು ಅವನಿಗೆ ಜೈಲಿನಂತೆ ಅನಿಸುತ್ತಿದ್ದವು. ಅತ್ತಿಗೆ ದಿನಾ ಎದುರಿಗೇ ಲಿಫ್ಟ್ ಹತ್ತುತ್ತಿದ್ದಳು. ಇವನು ಮುಖ ತಿರುಗಿಸುತ್ತಿದ್ದ. ಹಟಕ್ಕೆ ಬಿದ್ದರೆ ಇಬ್ಬರೂ ಇಬ್ಬರೇ.

ಹೀಗಿರುವಾಗ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು, ಫ್ಯೂಸ್ ಸುಟ್ಟಿತು, ಲಿಫ್ಟ್ ನಾಲ್ಕಕ್ಕೂ ಐದಕ್ಕೂ ನಡುವೆ ನಿಂತಿತು. ಒಳಗೆ ಯಾರು ಎಂದು ಮಾವ ಕೇಳಿದ. ಕಾವಲುಗಾರ ಹೇಳಿದ: “ಲೈಬ್ರರಿ ಅಮ್ಮ. ಜೊತೆಗೆ ಆ ವಿಮೆಯವರು.”

ಮಾವ ಕೈಯ ಎಣ್ಣೆ ಒರೆಸಿಕೊಳ್ಳದೆಯೇ ಎದ್ದ. ಅತ್ತಿಗೆಗೆ ಉಬ್ಬಸ. ಮುಚ್ಚಿದ ಜಾಗದಲ್ಲಿ ಹತ್ತು ನಿಮಿಷ ಕಳೆದರೆ ಅವಳಿಗೆ ಉಸಿರು ಕಟ್ಟತೊಡಗುತ್ತದೆ. ಉಸಿರಿನ ಪಂಪು ಅವಳ ಮೇಜಿನ ಮೇಲಿರುತ್ತದೆ, ಕೈಯಲ್ಲಲ್ಲ. ಲಿಫ್ಟನ್ನು ಕೈಯಿಂದ ಇಳಿಸುವ ಚಕ್ರವೋ, ಎಂಟನೇ ಮಹಡಿಯ ಮೇಲಿನ ಮೋಟರ್ ಕೋಣೆಯಲ್ಲಿದೆ. ಅಲ್ಲಿಗೆ ದಾರಿ ಮೆಟ್ಟಿಲು ಮಾತ್ರ, ಚಕ್ರ ತಿರುಗಿಸಲು ಬಲ್ಲವನು ಮಾವ ಮಾತ್ರ. ಮಾವನ ಮೊಣಕಾಲು ಸವೆದು ಎರಡು ವರ್ಷವಾಗಿತ್ತು. ಬೇರೆಯವರನ್ನು ಮೇಲೇರಿಸುತ್ತಲೇ ಮೂವತ್ತು ವರ್ಷ ಕಳೆದವನು ತಾನು ಮೂರು ಮಹಡಿ ಹತ್ತಿಯೂ ಎಷ್ಟೋ ಕಾಲವಾಗಿತ್ತು.

ಕಾವಲುಗಾರನನ್ನು ಬೆನ್ನ ಹಿಂದೆ ಕರೆದುಕೊಂಡು ಹತ್ತತೊಡಗಿದ. ನಾಲ್ಕನೇ ಮಹಡಿ ಮುಟ್ಟುವಷ್ಟರಲ್ಲಿ ಕಂಬಿಗೆ ಜೋತುಬಿದ್ದಿದ್ದ. ಲಿಫ್ಟಿನೊಳಗಿಂದ ಧಡ್ ಧಡ್ ಎಂದು ಒದೆಯುವ ಸದ್ದು ಬರುತ್ತಿತ್ತು. ಆಮೇಲೆ ಏಜೆಂಟನ ಗಂಟಲು ಕೇಳಿಸಿತು.

“ಹೆದರಬೇಡಿ ಮೇಡಂ, ನಾನಿದ್ದೀನಿ. ಬಾಗಿಲು ಸ್ವಲ್ಪ ಸರಿದಿದೆ. ನಾನು ಕೆಳಗೆ ಜಿಗಿದು ನಿಮ್ಮನ್ನ ಇಳಿಸಿಕೊಳ್ತೀನಿ.”

ನಡುವೆ ನಿಂತ ಲಿಫ್ಟಿನಿಂದ ಜಿಗಿದವರ ಕಾಲು ಜಾರಿದರೆ ಲಿಫ್ಟಿನ ಕೆಳಗಿನ ಸಂದಿಯಿಂದ ನೇರ ಹೊಂಡಕ್ಕೆ. ಅಂಥದ್ದೊಂದನ್ನು ಮಾವ ಕಣ್ಣಾರೆ ಕಂಡಿದ್ದ. ಬಾಗಿಲು ಮುಟ್ಟಬೇಡ ಎಂದು ಕೂಗಲು ಬಾಯಿ ತೆರೆದ. ಉಸಿರೇ ಇಲ್ಲದ ಬಾಯಲ್ಲಿ ಸ್ವರ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಅತ್ತಿಗೆಯ ದನಿ ಬಂತು. ತಡೆತಡೆದು, ಏದುಸಿರಿನಲ್ಲಿ.

“ನಿಮ್ಮ ಕೈಲಿರೋ ಪುಸ್ತಕ... ನೂರ ಹನ್ನೆರಡನೇ ಪುಟ ತೆಗೀರಿ.”

“ಈಗ್ಯಾಕೆ ಮೇಡಂ ಪುಸ್ತಕ?”

“ತೆಗೀರಿ ಅಂದ್ರೆ ತೆಗೀರಿ. ಮೊಬೈಲ್ ಬೆಳಕು ಹಾಕಿ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದೆಯಲ್ಲ, ಅದನ್ನ ಗಟ್ಟಿಯಾಗಿ ಓದಿ.”

ಏಜೆಂಟ್ ಓದಿದ: “‘ಹಗ್ಗ ಕಡಿದರೂ ಲಿಫ್ಟ್ ಬೀಳುವುದಿಲ್ಲ. ಕೆಳಗಿನ ಹಲ್ಲು ಹಳಿಯನ್ನು ಕಚ್ಚಿ ಹಿಡಿಯುತ್ತದೆ. ಸಾಯುವವನು ಒಳಗೆ ಕೂತವನಲ್ಲ, ಬಾಗಿಲು ಕಿತ್ತು ಜಿಗಿದವನು. ಈ ವೀರನಿಗೆ ಹೇಳುವುದಿಷ್ಟೇ: ಬಾಗಿಲು ಬಿಟ್ಟು ತೆಪ್ಪಗೆ ಕೂತಿರು...’”

“ಇನ್ನೂ ಒಂದು ಮಾತಿದೆ. ಓದಿ.”

“ಕತ್ತೆ ಅಂತಿದೆ ಮೇಡಂ.”

“ಹೂಂ. ಕೂತ್ಕೊಳ್ಳಿ.”

ಒದೆಯುವ ಸದ್ದು ನಿಂತಿತು. ಮಾವ ಹೊರಗೆ ನಿಂತು ನಗಬೇಕೋ ಅಳಬೇಕೋ ತಿಳಿಯದೆ ಹಣೆ ಒರೆಸಿಕೊಂಡ. ಅಳಿಸು ಎಂದು ಹಟ ಹಿಡಿದವಳು ಪುಟದ ಸಂಖ್ಯೆಯ ಸಮೇತ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ಆದರೆ ಹಿಗ್ಗಲು ಹೊತ್ತಿರಲಿಲ್ಲ. ಬಾಗಿಲಿನಾಚೆ ಅವಳ ಉಸಿರು ಸುಯ್ ಸುಯ್ ಎನ್ನುತ್ತಿತ್ತು. ಇನ್ನೂ ನಾಲ್ಕು ಮಹಡಿ ಬಾಕಿ.

ಐದನೆಯದನ್ನು ಕಂಬಿ ಹಿಡಿದು ಹತ್ತಿದ. ಆರನೆಯದನ್ನು ಮೊಣಕಾಲು ಒತ್ತಿಕೊಂಡು ಹತ್ತಿದ. ಏಳರ ತಿರುವಿನಲ್ಲಿ ಕಾಲು ಮುಷ್ಕರ ಹೂಡಿತು. ಕಾವಲುಗಾರ ಹಿಂದಿನಿಂದ ದೂಡಿದ. ಕೊನೆಯ ಮೆಟ್ಟಿಲುಗಳನ್ನು ಮಾವ ಕೈಯೂರಿ, ಅಂಬೆಗಾಲಿಕ್ಕಿ ಏರಿದ.

ಮೋಟರ್ ಕೋಣೆಯಲ್ಲಿ ಮೇನ್ ಸ್ವಿಚ್ ಆರಿಸಿ, ಕಾವಲುಗಾರನ ಕೈಗೆ ಬ್ರೇಕಿನ ಸನ್ನೆಕೋಲು ಕೊಟ್ಟ. ತಾನು ಚಕ್ರ ಹಿಡಿದ. “ನಾನು ಬಿಡು ಅಂದಾಗ ಬಿಡು, ಹಿಡಿ ಅಂದಾಗ ಹಿಡಿ. ನಿನ್ನ ಬುದ್ಧಿ ಓಡಿಸಬೇಡ.” ಗೇಣು ಗೇಣಾಗಿ ಲಿಫ್ಟ್ ಇಳಿಯಿತು. ನಾಲ್ಕನೇ ಮಹಡಿಗೆಂದು ಹಗ್ಗದ ಮೇಲೆ ತಾನೇ ಬಳಿದಿದ್ದ ಹಳದಿ ಬಣ್ಣದ ಗುರುತು ಸರಿಯಾದ ಜಾಗಕ್ಕೆ ಬಂದಾಗ “ಹಿಡಿ” ಎಂದ. ಕಾವಲುಗಾರ ಬಾಗಿಲಿನ ಕೀಲಿ ಹಿಡಿದು ಕೆಳಗೋಡಿದ.

ಮಾವ ಇಳಿದು ಗ್ರಂಥಾಲಯಕ್ಕೆ ಬರುವಾಗ ಅತ್ತಿಗೆ ಪಂಪು ಎಳೆದುಕೊಂಡು ಕೂತಿದ್ದಳು. ತುಟಿ ಇನ್ನೂ ಬಿಳಚಿಕೊಂಡಿತ್ತು. ಏಜೆಂಟ್ ಎದೆಯ ಹದ್ದಿಗೆ ಪುಸ್ತಕ ಅಡ್ಡ ಹಿಡಿದು ಮೂಲೆಯಲ್ಲಿ ನಿಂತಿದ್ದ. ಅತ್ತಿಗೆ ಡ್ರಾಯರ್ ಎಳೆದು ಕಾರ್ಡ್ ತೆಗೆದಳು, ಮೈದುನನ ಮುಂದೆ ತಳ್ಳಿದಳು.

“ಏನೂ ಅಳಿಸೋದು ಬೇಡ,” ಎಂದಳು. “ಆದ್ರೆ ಪುಸ್ತಕದಲ್ಲಿ ವೀರ ಎರಡೇ ನಿಮಿಷಕ್ಕೆ ಬರ್ತಾನೆ. ನೀನು ಇಪ್ಪತ್ತೈದು ನಿಮಿಷ ತಗೊಂಡೆ.”

“ಅವನಿಗೇನು ಅತ್ತಿಗೆ, ಬರೆದವನು ಹಾರಿಸ್ತಾನೆ. ನನ್ನ ಮೊಣಕಾಲು ನನ್ನದೇ ಅಲ್ವಾ?”

ಅವನು ಏಜೆಂಟನ ಕೈಯಿಂದ ಪುಸ್ತಕ ಕಿತ್ತುಕೊಂಡು ಹಾಳೆ ಮಗುಚತೊಡಗಿದ. ನಲವತ್ತನೇ ಪುಟಕ್ಕೆ ಬಂದು ನಿಂತ. ವೀರ ಎಂಟನೇ ಮಹಡಿಗೆ ಹಾರುವ ಪುಟ, ಅಂಚಿನಲ್ಲಿ ಮೆಟ್ಟಿಲು ಹತ್ತುವ ಸೋಮಾರಿತನದ ಷರಾ.

“ಆ ರಬ್ಬರ್ ಎಲ್ಲಿ?” ಎಂದ.

“ಬೇಡ ಅಂದೆನಲ್ಲೋ.”

“ಎಲ್ಲ ಅಲ್ಲ. ಇದೊಂದು.”

ಯಾಕೆ ಎಂದು ಅತ್ತಿಗೆ ಕೇಳಿದಳು. ಮಾವ ರಬ್ಬರ್ ಎತ್ತಿಕೊಂಡ. ಆರು ದಾಟಿ ಏಳಕ್ಕೆ ಹೋಗುವ ತಿರುವಿನಲ್ಲಿ, ಕಾಲು ಏಳದೆ ನಿಂತಾಗ, ಕೆಳಗಿನಿಂದ ಅವಳ ಉಸಿರು ಕೇಳಿಸುವುದೂ ನಿಂತುಹೋದಾಗ, ತಾನು ‘ದೇವರೇ, ಒಂದೇ ಒಂದು ಸಲ ಹಾರುವಂತೆ ಮಾಡು’ ಎಂದು ಬೇಡಿಕೊಂಡದ್ದನ್ನು ಅವನು ಈ ಏಜೆಂಟನ ಎದುರಿಗೆ ಹೇಳುವುದು ಸಾಧ್ಯವೇ ಇರಲಿಲ್ಲ.

“ಕಾಗುಣಿತ ತಪ್ಪಿದೆ,” ಎಂದು ಗೊಣಗಿ, ಆ ಎರಡು ಸಾಲನ್ನು ಹಾಳೆ ಹರಿಯುವಷ್ಟು ಬಲವಾಗಿ ಉಜ್ಜಿದ.