ಕ್ಲಚ್ ಒತ್ತಿದ್ದು ಯಾರು?

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ನಯವಾಗಿ ಎದ್ದು ಹೋಗುತ್ತಿದ್ದವಳು ನಾನು. ಕಾನ್ವೆಂಟಿನಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್, ಕಾರಣ ಕಾಣದಿದ್ದರೆ ಇನ್ನೊಮ್ಮೆ ಹುಡುಕಿ, ದೆವ್ವದ ತಲೆಗೆ ಕಟ್ಟಬೇಡಿ ಎನ್ನುತ್ತಿದ್ದರು. ನಾನು ಹುಡುಕಿದ್ದೇನೆ. ವರ್ಷಗಳಿಂದ ಹುಡುಕುತ್ತಲೇ ಇದ್ದೇನೆ. ಆ ಕಾರಣ ನನಗೆ ಸಿಗದಿದ್ದರೂ ಬೇಸರವಿಲ್ಲ, ಉಳಿದವರಿಗೆಲ್ಲ ಇಷ್ಟು ಸುಲಭವಾಗಿ ಸಿಕ್ಕಿಬಿಟ್ಟಿದೆಯಲ್ಲ, ಸಿಟ್ಟು ಬರುವುದು ಅದಕ್ಕೆ.

ಎರಡು ಸಾವಿರದ ಇಸವಿಯ ಆಚೆಯ ವರ್ಷಗಳು. ಹರಿಹರಪುರದಿಂದ ಇನ್ನೂ ಒಳಗೆ ನಮ್ಮ ಮನೆ. ಒಂದು ಹಳೇ ಬಿಳಿ ಕಾರಿತ್ತು. ನಾನು ಕೊಪ್ಪದಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದೆ. ನನ್ನ ಡ್ರೈವಿಂಗಿನ ಬಗ್ಗೆ ನಮ್ಮ ಮನೆಯವರದ್ದು ಒಂದೇ ದೂರು: "ಕ್ಲಚ್ ಮೇಲಿಂದ ಕಾಲು ತೆಗಿ ಮಾರಾಯ್ತಿ." ಗೇಟು ದಾಟುವಾಗ ಶುರುವಾದರೆ ಪೇಟೆ ಮುಟ್ಟುವವರೆಗೂ ಅದೇ ಜಪ. ಅವರ ಬಗ್ಗೆ ನನ್ನದೂ ಒಂದು ದೂರಿತ್ತು. ಪಕ್ಕದ ಸೀಟಿನಲ್ಲಿ ಕೂತು ಅವರೂ ಕಾರು ಓಡಿಸುತ್ತಿದ್ದರು. ತಿರುವು ಬಂದರೆ ಬಲಗಾಲಿನಿಂದ ಬರೀ ನೆಲವನ್ನು ಒತ್ತಿ ಬ್ರೇಕ್ ಹಾಕುವುದು, ನಾನು ಗೇರಿಗೆ ಕೈ ಹಾಕಿದರೆ ಎಡಗಾಲಿನಿಂದ ಕ್ಲಚ್ ಒತ್ತುವುದು. ಅವರ ಕಡೆಯ ಮ್ಯಾಟು ಎರಡು ಕಡೆ ಸವೆದು ಬೆಳ್ಳಗಾಗಿತ್ತು. ಕಾರು ಒರೆಸುವವಳು ನಾನು, ನನಗೆ ಗೊತ್ತಲ್ಲ.

ಆ ಬೇಸಿಗೆಯಲ್ಲಿ ಅವರು ಅಟ್ಟದ ಏಣಿಯಿಂದ ಜಾರಿ ಎಡಗಾಲಿನ ಹರಡಿನ ಮೂಳೆ ಮುರಿದುಕೊಂಡರು. ಮೊಣಕಾಲಿನ ತನಕ ಪ್ಲಾಸ್ಟರ್, ಬೆರಳುಗಳು ಮಾತ್ರ ಹೊರಗೆ. ಕಾಲು ನೆಲಕ್ಕೆ ಊರಲೇಬಾರದು ಎಂದು ಡಾಕ್ಟರ್ ಹೇಳಿದ್ದರು. ಅದೇ ಸಮಯಕ್ಕೆ ನಮ್ಮ ರಸ್ತೆ ಅಗಲ ಮಾಡಲು ಅಗೆದು ಹಾಕಿದ್ದರು. ಆ ಕೆಂಪು ಧೂಳಿಗೆ ಅತ್ತೆಯ ದಮ್ಮು ಕೆರಳಿತು.

ಒಂದು ದಿನ ಮಧ್ಯಾಹ್ನ ಊಟವಾದ ಮೇಲೆ ಅತ್ತೆಗೆ ಉಸಿರು ಹಿಡಿದುಕೊಂಡಿತು. ದಮ್ಮಿನ ಪಂಪು ಹೊಡೆದರೂ ಇಳಿಯಲಿಲ್ಲ. ಅಕ್ಕಪಕ್ಕದವರ ಜೀಪುಗಳೆಲ್ಲ ನರಸಿಂಹರಾಜಪುರಕ್ಕೆ ಮದುವೆ ದಿಬ್ಬಣ ಹೋಗಿದ್ದವು. ಮನೆಯಲ್ಲಿ ನಾವು ಮೂವರೇ. ಸದಾ ಏನಾದರೊಂದು ಹೇಳುತ್ತಲೇ ಇರುವ ಅತ್ತೆ ಸುಮ್ಮನಾಗಿಬಿಟ್ಟಿದ್ದರು. ತುಟಿ ನೀಲಿಗಟ್ಟಿತ್ತು. ನಾನು ದಿಂಬು ಕೊಟ್ಟು ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಇವರು ಊರುಗೋಲಿನಲ್ಲಿ ಕುಪ್ಪಳಿಸುತ್ತ ಬಂದು, ನೀನೊಬ್ಬಳೇ ಹೋಗುವುದು ಬೇಡ ಎಂದು ಮುಂದೆ ಕೂತರು.

ಗೇಟು ದಾಟಿ ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿದ್ದೇ, ಕಾಲಡಿಯಲ್ಲಿ 'ಟಕ್' ಎಂದಿತು. ಕ್ಲಚ್ ಪೆಡಲು ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಉಂಗುಟ ಕಿತ್ತ ಚಪ್ಪಲಿಯ ಹಾಗೆ ನೆಲಕ್ಕೆ ಅಂಟಿಕೊಂಡು ಬಿದ್ದಿತ್ತು. ಕ್ಲಚ್ ಹೋಯಿತು ಎಂದು ನಾನು ಹೇಳಿದೆ. ಅಂಥ ಹೊತ್ತಿನಲ್ಲೂ ಇವರು ಹೇಳಿದ್ದೇನು ಗೊತ್ತೇ? "ಇಷ್ಟು ದಿನ ಅದರ ಮೇಲೆ ಕಾಲಿಟ್ಟುಕೊಂಡೇ ಕೂತಿದ್ದೆಯಲ್ಲ, ಇನ್ನೆಂತ ಆಗ್ತದೆ."

ಅಳು ಬರುವಷ್ಟು ಸಿಟ್ಟು ಬಂತು. ಎಡಗಾಲನ್ನು ಹಿಂದಕ್ಕೆ ಎಳೆದು ಸೀಟಿನ ಬುಡಕ್ಕೆ ಒತ್ತಿಕೊಂಡೆ. ಇದನ್ನು ಒತ್ತಿ ಹೇಳುತ್ತೇನೆ: ಕೊಪ್ಪ ಮುಟ್ಟುವವರೆಗೆ ನನ್ನ ಕಾಲು ಆ ಪೆಡಲನ್ನು ಮುಟ್ಟಲಿಲ್ಲ. ನಿಲ್ಲಿಸೋಣವೆಂದರೆ ಆ ದಾರಿಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಹಿಂದಿನಿಂದ ಅತ್ತೆಯ ಉಸಿರು ತೂತು ಬಿದ್ದ ತಿದಿಯ ಹಾಗೆ ಕೇಳುತ್ತಿತ್ತು. ನಿಲ್ಲಿಸಿದರೆ ಆ ಸದ್ದೂ ನಿಂತೀತು ಎಂದು ಹೆದರಿದೆ.

ಡಾಂಬರು ರಸ್ತೆಗೆ ಬಂದಾಗ ಥರ್ಡ್ ಹಾಕಲೇಬೇಕಾಯಿತು. ಕ್ಲಚ್ ಇಲ್ಲದೆ ಬೀಳುವುದಿಲ್ಲವಲ್ಲ ಎಂದು ಗೇರಿನ ಮೇಲೆ ಕೈಯಿಟ್ಟು ಅಳುಕುತ್ತಿದ್ದೆ. ಪಕ್ಕದಲ್ಲಿ ಇವರ ಪ್ಲಾಸ್ಟರ್ ಕಾಲು, ಅದೇ ಹಳೇ ಚಾಳಿ, ನೆಲವನ್ನು ಒತ್ತಿತು. "ಹ್ಞೂಂ, ಈಗ" ಅಂದರು. ನಾನು ನೂಕಿದೆ. ಬೆಣ್ಣೆಯೊಳಗೆ ಚಮಚ ಇಳಿದ ಹಾಗೆ ಗೇರು ಬಿತ್ತು. ಮುಂದೆ ಫೋರ್ತ್, ಏರಿನಲ್ಲಿ ಮತ್ತೆ ಥರ್ಡ್. ಒಮ್ಮೆಯೂ ಕರ್ರೆನ್ನಲಿಲ್ಲ. ನಾನು ರಸ್ತೆಯ ಜೊತೆಗೆ ಆ ಬಿಳಿ ಕಾಲನ್ನೂ ನೋಡಿಕೊಂಡು ಗೇರು ಹಾಕುತ್ತಿದ್ದೇನೆ ಎಂದು ನನಗೆ ಹೊಳೆಯುವಷ್ಟರಲ್ಲಿ ಹರಿಹರಪುರ ಬಂತು.

ಅಲ್ಲಿ ಒಂದು ಬಸ್ಸು ರಸ್ತೆಗೆ ಅಡ್ಡ ನಿಂತಿತ್ತು. ಟಾಪಿನಿಂದ ಮೂಟೆ ಇಳಿಸುತ್ತಿದ್ದರು. ಫಸ್ಟಿಗೆ ತಂದು ಬ್ರೇಕ್ ಹಾಕಿದೆ. ಕಾರು ಜಗ್ಗಿ ಆಫ್ ಆಗುತ್ತದೆ, ಕಥೆ ಮುಗಿಯಿತು ಅಂದುಕೊಂಡೆ. ಆಗಲಿಲ್ಲ. ಎಂಜಿನ್ ಓಡುತ್ತಿತ್ತು, ಗೇರು ಫಸ್ಟಿನಲ್ಲಿತ್ತು, ಕಾರು ಸುಮ್ಮನೆ ನಿಂತಿತ್ತು. ಪಕ್ಕಕ್ಕೆ ನೋಡಿದೆ. ಇವರು ಡ್ಯಾಶ್‌ಬೋರ್ಡ್ ಹಿಡಿದು, ಊರಬಾರದ ಕಾಲನ್ನು ಊರಿ ಒತ್ತಿಕೊಂಡಿದ್ದರು. ಹಣೆಯಲ್ಲಿ ಬೆವರು. ಕಾಲ್ಬೆರಳುಗಳು ಮಡಚಿ ಬಿಳಿಚಿದ್ದವು. ಬಸ್ಸು ಹೊರಟಿತು. ಆ ಕಾಲು ಮೆಲ್ಲಗೆ ಮೇಲೆದ್ದಂತೆ ಕಾರೂ ಮೆಲ್ಲಗೆ ಮುಂದಕ್ಕೆ ಸರಿಯಿತು. ಕ್ಲಚ್ ಸರಿಯಿದ್ದ ದಿನವೂ ನಾನು ಅಷ್ಟು ನಯವಾಗಿ ಕಾರು ಹೊರಡಿಸಿದವಳಲ್ಲ.

ಕೊಪ್ಪದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಹಚ್ಚಿದರು. ತುಟಿಗೆ ಬಣ್ಣ ಬಂತು. ಮಾಸ್ಕ್ ತೆಗೆದ ಕೂಡಲೇ ಅತ್ತೆ ಆಡಿದ ಮೊದಲ ಮಾತು: "ಎಂತಕ್ಕೆ ಅಷ್ಟು ಹೊತ್ತು ಆ ಬಸ್ಸಿನ ಹಿಂದೆ ನಿಂತಿದ್ದು ನೀನು?"

ಸಂಜೆ ಆಸ್ಪತ್ರೆಯ ಅಂಗಳಕ್ಕೇ ಮೆಕ್ಯಾನಿಕ್ ಬಂದ. ಕಾರಿನಡಿಗೆ ನುಗ್ಗಿ, ಇಲಿಬಾಲದಂಥ ಒಂದು ತುಂಡು ಎಳೆದು ತೋರಿಸಿದ. ಕೇಬಲ್ ಪೂರ್ತಿ ತುಂಡಾಗಿತ್ತು. "ಅಕ್ಕ, ಕ್ಲಚ್ ಇಲ್ಲದೆ ಗೇರ್ ಹಾಕ್ಕೊಂಡು ಬಂದ್ರಾ? ಭಾರಿ ಆಯ್ತಲ್ಲ!" ಲಾರಿಯವರು ಹಾಗೆ ಮಾಡುವುದುಂಟಂತೆ. ಆಕ್ಸಿಲರೇಟರ್ ಬಿಟ್ಟು, ಎಂಜಿನ್ನಿನ ಸ್ಪೀಡೂ ಗಾಡಿಯ ಸ್ಪೀಡೂ ಕೂಡುವ ಕ್ಷಣಕ್ಕೆ ಸರಿಯಾಗಿ ಹಾಕಿದರೆ ಬೀಳುತ್ತದಂತೆ. ಹಾಗಾದರೆ ಫಸ್ಟ್ ಗೇರಿನಲ್ಲಿಟ್ಟು, ಎಂಜಿನ್ ಆಫ್ ಆಗದ ಹಾಗೆ ನಿಲ್ಲಿಸಬಹುದೇ ಎಂದು ಕೇಳಿದೆ. ಅದು ಆಗುವುದೇ ಇಲ್ಲ, ಆಫ್ ಆಗಿರುತ್ತದೆ, ಗಡಿಬಿಡಿಯಲ್ಲಿ ನಿಮಗೆ ಗೊತ್ತಾಗಿಲ್ಲ ಎಂದ. ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತ ಕುಕ್ಕರಿನ ಸೀಟಿ ಎಣಿಸುವವಳಿಗೆ ಎಂಜಿನ್ ನಿಂತದ್ದು ಗೊತ್ತಾಗುವುದಿಲ್ಲವಂತೆ!

ನಾನು ಬಿಡಲಿಲ್ಲ. ಹೊಸ ಕೇಬಲ್ ಹಾಕುವ ಮೊದಲೇ ಇವರನ್ನು ಮತ್ತೆ ಪಕ್ಕದಲ್ಲಿ ಕೂರಿಸಿ, ಕಾರು ಸ್ಟಾರ್ಟ್ ಮಾಡಿ, ಒತ್ತಿ ಎಂದೆ. ಒತ್ತಿದರು. ಫಸ್ಟ್ ಹಾಕಲು ಹೋದರೆ, ಒಳಗಿದ್ದ ಕಾಂಪೌಂಡರ್ ಹೊರಗೆ ಓಡಿ ಬರುವಷ್ಟು ಕರ್ರೆಂದಿತು. "ನೋಡಿದ್ಯಾ?" ಎಂದರು ಇವರು, ಪರೀಕ್ಷೆ ಪಾಸಾದವರ ಹಾಗೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಹೊಗಳಿಕೆ. ಯಾರ ಮನೆಯ ಊಟಕ್ಕೆ ಹೋದರೂ, ಕ್ಲಚ್ಚಿಲ್ಲದೆ ಅತ್ತೆಯನ್ನು ಉಳಿಸಿಕೊಂಡು ಬಂದವಳು ಇವಳೇ ಎಂದು ತೋರಿಸುತ್ತಿದ್ದರು. ನಾನಲ್ಲ ಎಂದರೆ, ಎಷ್ಟು ವಿನಯ ಎನ್ನುತ್ತಿದ್ದರು. ಇವರಂತೂ, ಪಕ್ಕದಲ್ಲಿ ಕೂತು ನಾನೇ ಹೇಳಿಕೊಟ್ಟೆ ಎಂದು ಎದೆಯುಬ್ಬಿಸಿ ಹೇಳುವುದು. ಕಾಲಿನ ವಿಷಯ ಎತ್ತಿದರೆ, ನೋಯುತ್ತಿತ್ತು, ಅದಕ್ಕೆ ಒತ್ತಿ ಹಿಡಿದಿದ್ದೆ ಎಂಬ ಉತ್ತರ. ನೋಯುವ ಮುರಿದ ಕಾಲನ್ನು ಯಾರಾದರೂ ನೆಲಕ್ಕೆ ಒತ್ತುತ್ತಾರೆಯೇ? ಆಮೇಲೆ ಎಷ್ಟೋ ಸಲ ಖಾಲಿ ರಸ್ತೆಯಲ್ಲಿ, ಒಬ್ಬಳೇ, ಕ್ಲಚ್ ಮುಟ್ಟದೆ ಗೇರು ಹಾಕಲು ನೋಡಿದ್ದೇನೆ. ಒಂದು ಸಲವೂ ಬಿದ್ದಿಲ್ಲ.

ಪ್ಲಾಸ್ಟರ್ ಕತ್ತರಿಸಿದವರು ಅಂಗಾಲಿನ ಕಡೆ ತಿರುಗಿಸಿ ನೋಡಿ, ಇದರಲ್ಲೇ ಓಡಾಡಿದಿರಾ ಎಂದು ಕೇಳಿದರು. ಮುಂಭಾಗ ಚಪ್ಪಟೆಯಾಗಿ ಪುಡಿಪುಡಿಯಾಗಿತ್ತು. ಇವರು ಇಲ್ಲ ಎಂದರು. ನನ್ನ ಕಡೆ ನೋಡಲಿಲ್ಲ.

ಆ ಕಾರು ಮಾರಿ ಬೇರೆ ತಗೊಂಡೆವು. ಈಗಲೂ ನಾನು ಓಡಿಸುವಾಗ ಕ್ಲಚ್ ಮೇಲಿಂದ ಕಾಲು ತೆಗಿ ಎಂಬ ಜಪ ನಿಂತಿಲ್ಲ. ತಿರುವಿನಲ್ಲಿ ಅವರ ಬಲಗಾಲು ಬ್ರೇಕ್ ಹಾಕುವುದೂ ನಿಂತಿಲ್ಲ. ಎಡಗಾಲನ್ನು ಮಾತ್ರ, ಹತ್ತಿ ಕೂತ ಕೂಡಲೇ, ಮಡಚಿ ಸೀಟಿನ ಮೇಲೆ ಬಲತೊಡೆಯ ಅಡಿಗೆ ಸೇರಿಸಿಕೊಳ್ಳುತ್ತಾರೆ. ಶೃಂಗೇರಿಗೆ ಹೋಗುವಾಗಲೂ ಅಷ್ಟೆ, ಇಳಿಯುವವರೆಗೂ ಕೆಳಗಿಡುವುದಿಲ್ಲ. ಇಳಿದ ಮೇಲೆ ಜೋಮು ಹಿಡಿದು ಕುಂಟುತ್ತಾರೆ. ಏನೂ ಆಗಿಲ್ಲವೆಂದರೆ ಇದೆಂತಕ್ಕೆ ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವರು ಕಿಟಕಿಯಾಚೆ ನೋಡುತ್ತ, "ಸುಮ್ನೆ ರಸ್ತೆ ನೋಡಿ ಓಡ್ಸು ಮಾರಾಯ್ತಿ" ಎಂದರು.

ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಮೊನ್ನೆ ಕಾರು ಒರೆಸುವಾಗ ನೋಡಿದೆ. ಈ ಕಾರಿನ ಮ್ಯಾಟು ಅವರ ಕಡೆ ಸವೆದಿರುವುದು ಒಂದೇ ಜಾಗದಲ್ಲಿ.